ಗುಂಡಿ ಎರಡರಲ್ಲಿತ್ತು

ಕಂದಾಯ ಭವನದ ಹಿಂದಿನ ಓಣಿ, ಬೆಳಗಿನ ಹನ್ನೊಂದೂವರೆ.
ನನ್ನ ಕೀಲಿಮಣೆಗೆ ಬಾಯಿ ಕಟ್ಟಿತು.

ಎದುರು ಸ್ಟೂಲಿನ ಮೇಲೆ ಹುಡುಗಿ.
ಮಾರ್ಕ್ಸ್ ಕಾರ್ಡಿನಲ್ಲಿ ದಾಕ್ಷಾಯಿಣಿ,
ಆಧಾರಿನಲ್ಲಿ ಯಾವನೋ ಪುಣ್ಯಾತ್ಮ ಮಾಡಿದ ದ್ರಾಕ್ಷಾಯಿಣಿ.
ಇಬ್ಬರೂ ಒಬ್ಬಳೇ ಎಂದು ಇಪ್ಪತ್ತು ರೂಪಾಯಿಯ ಛಾಪಾ ಕಾಗದದಲ್ಲಿ
ನಾನು ಹೊಡೆದು ಕೊಡಬೇಕು,
ನೋಟರಿ ಊಟಕ್ಕೆ ಏಳುವ ಮುಂಚೆ.

ಒತ್ತಿದೆ. ಬರಲಿಲ್ಲ.
ಪರದೆಯ ಮೇಲೆ ಕಡ್ಡಿಯೊಂದೇ
ಮಿಟುಕುತ್ತ ನಿಂತಿದೆ,
ಬಸ್ಸು ತಪ್ಪಿದವನ ಹಾಗೆ.

ಬ್ಯಾಟರಿ ತೆಗೆದೆ, ಅಂಗಿಯ ಅಂಚಿಗೆ ಉಜ್ಜಿದೆ,
ತಿರುಗಿಸಿ ಹಾಕಿದೆ, ಮತ್ತೆ ತಿರುಗಿಸಿದೆ.
ನೀಲಿ ದೀಪ ಹತ್ತಿತು; ಜೀವವಿದೆ, ಮಾತಿಲ್ಲ.
ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ.
ಬ್ಲೂಟೂತ್ ಪಟ್ಟಿ ತೆರೆದರೆ
ಮೇಲಿನ ವಕೀಲರ ಸ್ಪೀಕರ್ರು, ಯಾರದೋ ಕೈಗಡಿಯಾರ,
'ಬಾಸ್ ಆಟೋ' ಎಂಬುದು ಸಿಗ್ನಲ್ ಬಿಡುವ ತನಕ ಇದ್ದು
ಮೆಜೆಸ್ಟಿಕ್ ಕಡೆ ಹೋಯಿತು.
ಊರೆಲ್ಲ ನನಗೆ ಜೊತೆಯಾಗಲು ಸಿದ್ಧ,
ಒಂದು ಮೊಳ ದೂರದ ಇದೊಂದು ಬಿಟ್ಟು.

ಹಳೆಯ ರೆಮಿಂಗ್ಟನ್ನಿಗೆ ಈ ರಗಳೆಯಿರಲಿಲ್ಲ.
ಹೊಡೆದರೆ ಹೊಡೆದದ್ದು, ಬಿದ್ದರೆ ಬಿದ್ದದ್ದು,
ಕೆಳಗಿನ ಕಾರ್ಬನ್ ಪ್ರತಿಗೂ ಏಟು ಮುಟ್ಟುತ್ತಿತ್ತು.

'ಅಂಕಲ್, ಹೊತ್ತಾಗತ್ತಾ?' ಅಂದಳು ಹುಡುಗಿ.
'ನೋಡ್ತಾ ಇದ್ದೀನಮ್ಮ' ಅಂದೆ,
ನೋಡಲು ಏನೂ ಇರಲಿಲ್ಲ.

ಬೆರಳು ಸುಮ್ಮನಿರದೆ ಓಡಿದವು.
ಎಲ್ಲಿಯೂ ಮೂಡದ ಅಕ್ಷರಕ್ಕೆ ಯಾರ ಹೆದರಿಕೆ?
ಮೂವತ್ತು ವರ್ಷ ಬೇರೆಯವರ ಸತ್ಯಪ್ರಮಾಣ ಹೊಡೆದ ಕೈ
ಅವತ್ತು ನನ್ನದನ್ನು ಹೊಡೆಯಿತು:
ಹನ್ನೊಂದು ನೂರು ದೊಡ್ಡದಲ್ಲ
ಮೀಟರಿನ ಮಾತು ನಾನು ಆಡಬಾರದಿತ್ತು
ಮಧ್ಯಾಹ್ನದ ಟೀ ಒಬ್ಬನೇ ಕುಡಿದರೆ ಸೇರುವುದಿಲ್ಲ

ಪರದೆ ಬಿಳಿ. ನಿರಾಳ.

ಪ್ಲೈವುಡ್ಡಿನ ಆಚೆ ಕುರ್ಚಿ ಕಿರುಗುಟ್ಟಿತು.
ಫಿಲೋಮಿನಾ. ಝೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ.
ಲ್ಯಾಮಿನೇಷನ್ ಯಂತ್ರ ಎಷ್ಟು ಕರೆಂಟು ಕುಡಿಯುತ್ತದೆಂದು
ಯುಗಾದಿಗೆ ಮುಂಚೆ ಶುರುವಾದ ಲೆಕ್ಕ,
ಗಣೇಶನನ್ನು ಬಿಟ್ಟು ಬಂದರೂ ಮುಗಿದಿರಲಿಲ್ಲ.
ನಡುವೆ ಅರ್ಧ ಅಂಗುಲದ ಹಲಗೆ, ಆರು ತಿಂಗಳ ಬಿಗುಮಾನ.

'ಗಂಗಹನುಮಯ್ಯ ಅವರೇ,' ಹಲಗೆ ಮಾತಾಡಿತು,
'ಇಲ್ಲಿ ಒಬ್ಬರ ರೇಷನ್ ಕಾರ್ಡು ತುಂಬ್ತಾ ಇದ್ದೆ.
ಖಾಯಂ ವಿಳಾಸದ ಜಾಗದಲ್ಲಿ
ಎಚ್ ಎನ್ ಎಫ್ ಎನ್ ಅಂತ ಏನೇನೋ ಬಂದು ಬೀಳ್ತಾ ಇದೆ.'

ಹೊಟ್ಟೆಯೊಳಗೆ ಐಸು ಇಟ್ಟ ಹಾಗಾಯಿತು.
ಕೀಲಿಮಣೆ ಮಗುಚಿದೆ. ಬೆನ್ನಲ್ಲಿ ಪುಟ್ಟ ಗುಂಡಿ:
ಒಂದು, ಎರಡು, ಮೂರು. ಎರಡರಲ್ಲಿತ್ತು.
ಹೋದ ವರ್ಷ ಅವಳದರ ಮೇಲೆ ಟೀ ಚೆಲ್ಲಿದಾಗ
ಎರಡು ದಿನ ಇದನ್ನೇ ಕೊಟ್ಟಿದ್ದೆ.
ಅವಳೇ ಜೋಡಿಸಿಕೊಂಡಿದ್ದು. ನಾನು ಮರೆತಿದ್ದೆ,
ಇದು ಮರೆತಿರಲಿಲ್ಲ.
ಬೆಳಿಗ್ಗೆ ಧೂಳು ಹೊಡೆಯುವಾಗ ಬಟ್ಟೆ ತಗುಲಿರಬೇಕು.

'ಇಂಗ್ಲಿಷಲ್ಲಿ ಬಿದ್ದಿದೆಯಲ್ಲ,' ಅಂದೆ, 'ಅರ್ಥವಾಗಲ್ಲ ಬಿಡಿ.'
'ನಿಮ್ಮ ಹತ್ರಾನೇ ಅಲ್ವಾ ಕೀಲಿ ಕಲಿತಿದ್ದು,' ಅಂದಳು,
'ಎಚ್ಚಿಗೆ ಹ, ಎನ್ನಿಗೆ ನ.
ಕಷ್ಟಪಟ್ಟು ಮೂರೂ ಸಾಲು ಓದ್ಕೊಂಡೆ.'
ಸ್ವಲ್ಪ ಹೊತ್ತು ಅವಳ ಫ್ಯಾನು ಮಾತ್ರ.
'ಈಗ ಅಳಿಸ್ಲಾ? ಇವರು ಕಾಯ್ತಾ ಇದ್ದಾರೆ.'

ಅಳಿಸಿ ಅಂದೆ. ಇನ್ನೇನು ಅನ್ನಲಿ.

ಗುಂಡಿಯನ್ನು ಒಂದಕ್ಕೆ ತಳ್ಳಿದೆ.
ಪಟಪಟ ಬಂತು ಮಳೆಯ ಮೊದಲ ಹನಿಗಳ ಹಾಗೆ:
ಮೇಲ್ಕಂಡ ಎರಡೂ ಹೆಸರುಗಳು ನನ್ನವೇ ಆಗಿದ್ದು
ನಾನು ಒಬ್ಬಳೇ ವ್ಯಕ್ತಿಯಾಗಿರುತ್ತೇನೆ.
ದ್ರಾಕ್ಷಾಯಿಣಿ ಮಡಚಿಕೊಂಡು ಓಡಿದಳು,
ನೋಟರಿ ಆಗಲೇ ಡಬ್ಬಿ ಬಿಚ್ಚಿದ್ದರಂತೆ.

ನಾಲ್ಕು ಗಂಟೆಗೆ ಗಿರಾಕಿ ಇರಲಿಲ್ಲ.
ಕೀಲಿಮಣೆ ಮಗುಚಿ, ಉಗುರಿನಿಂದ
ಗುಂಡಿಯನ್ನು ಎರಡಕ್ಕೆ ಸರಿಸಿ
ಎರಡೇ ಅಕ್ಷರ ಹೊಡೆದೆ,
ಒಂದು ಪ್ರಶ್ನೆಯ ಚಿಹ್ನೆ.

ಆಚೆ ಏನೂ ಸದ್ದಿಲ್ಲ.
ಆಮೇಲೆ, ಶಟರನ್ನು ಅರ್ಧಕ್ಕೆ ಎಳೆದ ಸದ್ದು.