ಸುಖಾಗಮನ ಬಯಸುವವರು

ದೂತಾವಾಸದ ಕಿಟಕಿಯಲ್ಲಿ ಕೂತವ
ನನ್ನ ಮದುವೆ ಕಾಗದ ತಿರುವಿ ತಿರುವಿ ನೋಡಿದ.
ಉಪ್ಪಳದ ಪ್ರೆಸ್ಸಿನಲ್ಲಿ ಅಚ್ಚಾದ ಕನ್ನಡ,
ಅಂಚಿನ ಅರಸಿನ ಇನ್ನೂ ಹೋಗಿಲ್ಲ.
ಜೊತೆಗೆ ಕಾಸರಗೋಡಿನ ಬ್ಯಾಂಕ್ ರಸ್ತೆಯ
ರುಕ್ಮಯ ಮಾಸ್ಟ್ರ ತರ್ಜುಮೆ,
ಪುಟಕ್ಕೆ ಇನ್ನೂರು, ಸೀಲಿಗೆ ಬೇರೆ.

"ಕೊನೆಗೆ ಹನ್ನೊಂದು ಹೆಸರಿದೆ. ಸಾಕ್ಷಿಗಳೇ?"
ಅಲ್ಲ ಸಾರ್, ಸುಖಾಗಮನ ಬಯಸುವವರು.
"ಏನು ಬಯಸುತ್ತಾರೆ?"
ನೀವು ಬರುವುದನ್ನು.
"ನಾನೇ?"

ಹರಕು ಹಿಂದಿಯಲ್ಲಿ ಹೇಳಿದೆ:
ಯಾರು ಓದುತ್ತಾರೋ ಅವರು ಬರಬೇಕು,
ಉಂಡೇ ಹೋಗಬೇಕು.

ಪೆನ್ನು ಕೆಳಗಿಟ್ಟ.
ಅವನಜ್ಜಿಯ ಊರಲ್ಲೂ ಮದುವೆಗೆ
ಮೂರು ದಿನ ಬಾಗಿಲು ಹಾಕುವುದಿಲ್ಲವಂತೆ.
ಹಿಂದೆ ಗೋಡೆಯ ಮೇಲೆ ಅವರ ದೊರೆ,
ಚಿನ್ನದ ಚೌಕಟ್ಟಿನಲ್ಲಿ, ನಗದೆ.
ಆಮೇಲೆ ಗಡಿಯಾರ ನೋಡಿಕೊಂಡು
ಠಪ್ಪೆಂದು ಮೊಹರು.

ಎರಡು ರಾತ್ರಿ ರೈಲು.
ಮಂಗಳೂರು ದಾಟಿದ ಮೇಲೆ ಕಾಗದ ಬಿಚ್ಚಿದೆ.
ಮೊಹರು ಬಿದ್ದದ್ದು ಸರಿಯಾಗಿ ಆ ಹೆಸರುಗಳ ಮೇಲೆ.
ದೊಡ್ಡಪ್ಪ ಬಾಬು ಗಟ್ಟಿ, ಸೋದರತ್ತೆ ಲಿಂಗಮ್ಮ,
ಇನ್ನಿಬ್ಬರು,
ಈಗಿಲ್ಲ.
ಇಲ್ಲದೆಯೂ ಬಯಸುತ್ತಿದ್ದಾರೆ,
ಪರದೇಶದ ಸರಕಾರ ದೃಢೀಕರಿಸಿದೆ.

ಕಾಸರಗೋಡಲ್ಲಿಳಿದು ಉಪ್ಪಳದ ಬಸ್ಸಿಗೆ ನಿಂತೆ.
ಬೋರ್ಡು ಮಲಯಾಳದ್ದು.
"ಉಂದು ಓಡೆಗ್?" ಕೇಳಿತು ಪಕ್ಕದ ಅಜ್ಜಿ.
ಓದಿ ಹೇಳಿದೆ.
ದುಡ್ಡು ತೆಗೆದುಕೊಳ್ಳಲಿಲ್ಲ.