ಸದ್ದಿನ ಕಾಲಂ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಈಗ ಯಾರೂ ಕೂಗುವುದಿಲ್ಲ.
ಮುನ್ನೂರು ರೀಲರುಗಳು ತಲೆ ತಗ್ಗಿಸಿ ನಿಂತಿರುತ್ತಾರೆ
ಜನಾಜಾಕ್ಕೆ ನಿಂತ ಹಾಗೆ,
ಅಂಗೈಯ ಬೆಳಕು ನೋಡುತ್ತ.
ಜಾಲರಿಯ ನಂಬರು ಒತ್ತು, ರೇಟು ಒತ್ತು.
ಪಕ್ಕದವನು ಎಷ್ಟು ಒತ್ತಿದ ಅನ್ನುವುದು
ಅವನ ಹೆಬ್ಬೆರಳಿಗೆ ಗೊತ್ತು, ಅಲ್ಲಾಹನಿಗೆ ಗೊತ್ತು.

ಎಲ್ಲರ ಕೈಯಲ್ಲೂ ಅದೇ ಆ್ಯಪು.
ಇನಾಯತ್ ಸೇಠನ ಆಟೊಮ್ಯಾಟಿಕ್ ಯಂತ್ರಕ್ಕೂ ಅದೇ,
ನಮ್ಮ ಖಾಲಾಳ ಆರು ಬೇಸಿನ್ನಿಗೂ ಅದೇ.
‘ಎಲ್ಲರಿಗೂ ಸಿಕ್ಕಿದ್ದು ಯಾರಿಗೂ ಸಿಕ್ಕ ಹಾಗಲ್ಲ’
ಅಂದಿದ್ದಳು ಖಾಲಾ, ಒಲೆ ಊದುತ್ತ.

ಅವಳ ಹೆಸರು ಜುಲೇಖಾಬಿ.
ಕನ್ನಡ ಶಾಲೆ, ಏಳನೇ ಕ್ಲಾಸು.
ಅಕ್ಕಿ ಡಬ್ಬದ ಹಿಂದೆ ಹನ್ನೊಂದು ವರ್ಷದ ನೋಟು ಪುಸ್ತಕಗಳು,
ಎಣ್ಣೆಯ ಕಲೆ, ಬೆಂದ ಹುಳುವಿನ ವಾಸನೆ:

ಚೀಮಂಗಲ ಪಿಳ್ಳಪ್ಪ. ಸಿಬಿ. ನಲವತ್ತೆರಡು ಕೆಜಿ.
ಏಳಕ್ಕೆ ಒಂದು ಕೆಜಿ ನೂಲು. ಎಳೆ ಕಡಿಯಲಿಲ್ಲ.
ಗಂಜಿಗುಂಟೆ ಕದಿರಪ್ಪ. ನೋಡಕ್ಕೆ ಮಲ್ಲಿಗೆ.
ಒಂಬತ್ತು ಹಾಕಿದರೂ ಒಂದಾಗಲಿಲ್ಲ.
ಮಾತು ಮಾತ್ರ ರೇಷ್ಮೆ.

ರಂಜಾನಿನ ರಾತ್ರಿಗಳಲ್ಲಿ ಸಹರಿಯ ತನಕ ಕೂತು
ಅಷ್ಟನ್ನೂ ನಾನು ಕಂಪ್ಯೂಟರಿಗೆ ಹಾಕಿದೆ.
ಮಾಹಿತಿಯೇ ಬಂಡವಾಳ ಅಂತ ಚಿಂತಾಮಣಿಯ ಕಾಲೇಜಿನಲ್ಲಿ
ಹತ್ತು ಅಂಕಕ್ಕೆ ಬರೆದಿದ್ದೆ. ಆರು ಬಂದಿತ್ತು.

ಬಕ್ರೀದಿನ ಹೊತ್ತಿಗೆ
ಮಲ್ಲಿಗೆಯಂಥ ಗೂಡಿಗೆ ಕೈ ಹಾಕುವುದು ಬಿಟ್ಟೆವು.
ಮಂಕಾಗಿ ಬಿದ್ದಿದ್ದ ಪಿಳ್ಳಪ್ಪನ ಜಾಲರಿಗೆ
ಎಂಟು ರೂಪಾಯಿ ಜಾಸ್ತಿ. ಸೇಠನ ಮುನ್ಷಿ ನಕ್ಕ.
ಮೂರು ತಿಂಗಳಾದ ಮೇಲೆ ನಗಲಿಲ್ಲ.
ಆಮೇಲೊಂದು ದಿನ ಖರ್ಜೂರದ ಡಬ್ಬ ಹಿಡಿದು ಮನೆಗೇ ಬಂದ:
‘ಆ ಹಳೇ ಪುಸ್ತಕ, ರದ್ದಿ ಥರಾ, ಏನಕ್ಕೆ ಕೊಡ್ತೀರಿ?’
‘ತೂಕಕ್ಕೆ ಕೊಡಲ್ಲ ಭಾಯ್,’ ಅಂದಳು ಖಾಲಾ,
‘ವರ್ಷಕ್ಕೆ ವರ್ಷ. ಹನ್ನೊಂದು ತಗೊಂಡು ಬನ್ನಿ.’

ಅಕ್ಟೋಬರಿನಲ್ಲಿ ಐದು ದಿನ ಬಿಡದ ಸೋನೆ.
ಪಿಳ್ಳಪ್ಪನ ಜಾಲರಿ. ನನ್ನ ಬೆರಳು ಆಗಲೇ ಮುಂದೆ.
ಖಾಲಾ ಒಂದು ಗೂಡು ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿದಳು, ಇನ್ನೊಂದು, ಮತ್ತೊಂದು.
‘ಸದ್ದಿಲ್ಲ. ಒಳಗೆ ಹುಳ ಕರಗಿದೆ.’
‘ಟೇಬಲ್ ಏಳು ಅನ್ನುತ್ತೆ ಖಾಲಾ.’
‘ಟೇಬಲ್ ನೆನೆದಿಲ್ಲ ಮಗಾ.’

ಆ ರಾತ್ರಿ ಒಂದು ಕಾಲಂ ಸೇರಿತು:
ಸದ್ದು. ಗಲಗಲ, ಮೆತ್ತಗೆ, ಇಲ್ಲ.

ರುಚಿ ಹತ್ತಿತ್ತು ನನಗೆ. ಇನ್ನೊಂದು ಸೇರಿಸಿದೆ,
ಅವಳು ನಮಾಜಿಗೆ ಕೂತಾಗ: ತುರ್ತು.
ಯಾರ ಮನೆಯಲ್ಲಿ ಮದುವೆ, ಯಾರಿಗೆ ಕಂತು,
ಯಾರು ಗೂಡು ವಾಪಸು ಒಯ್ಯಲಾರರು.
ಹಿತ್ತಲಹಳ್ಳಿ ಮುನಿಲಕ್ಷ್ಮಮ್ಮ, ಗಂಡನಿಗೆ ಡಯಾಲಿಸಿಸ್,
ಬಂದಷ್ಟಕ್ಕೆ ಕೊಡ್ತಾರೆ.

ಖಾಲಾ ಕನ್ನಡಕ ಏರಿಸಿ
ಬಹಳ ಹೊತ್ತು ಓದಿದಳು.
‘ಇದೆಲ್ಲ ನನಗೂ ಗೊತ್ತು.
ಮುನ್ಷಿಗಿಂತ ಮೊದಲೇ ಗೊತ್ತು.
ಬರೆದಿಟ್ಟರೆ ನಾಳೆಯಿಂದ ನಿನ್ನ ಕಣ್ಣು
ಅದನ್ನೇ ಮೊದಲು ಓದುತ್ತೆ.’

ಅಳಿಸಿದೆ. ಅವಳ ಎದುರಿಗೇ.

ಮೊನ್ನೆ ಮುನಿಲಕ್ಷ್ಮಮ್ಮನ ಜಾಲರಿ ಮುಂದೆ ನಾನೊಬ್ಬನೇ.
ಒಂದು ಗೂಡು ಅಲ್ಲಾಡಿಸಿದೆ, ಗಲಗಲ.
ಆಕೆ ಸೆರಗಿನ ತುದಿಯಲ್ಲಿ ಟೋಕನ್ನು ಸುತ್ತುತ್ತ
ನನ್ನ ಮುಖ ನೋಡದೆ ಗೂಡನ್ನೇ ನೋಡುತ್ತಿದ್ದಳು.
ನಾನೂರ ಎಂಬತ್ತು, ಅಂದಿತು ಟೇಬಲ್.
ನಾನೂರ ಇಪ್ಪತ್ತು ಸಾಕು, ಅಂದಿತು ಅಳಿಸಿದ ಕಾಲಂ.
ನಾಲ್ಕು ಸೆಕೆಂಡು ಉಳಿದಿತ್ತು.

ಎಷ್ಟು ಒತ್ತಿದೆ ಅಂತ ಖಾಲಾ ಕೇಳಲಿಲ್ಲ.
ಮನೆಗೆ ಬಂದಾಗ ಬೇಸಿನ್ನಿನ ಬಿಸಿನೀರಿಗೆ ಬೆರಳು ಇಳಿಸಿ
ಎಳೆಯ ತುದಿ ಹುಡುಕುತ್ತಿದ್ದಳು.