ಎರಡನೇ ಶನಿವಾರ

ಮೂವತ್ತನಾಲ್ಕು ವರ್ಷ ಅಬಕಾರಿ ಇಲಾಖೆಯಲ್ಲಿ
ಬಾಟಲಿ ಎಣಿಸಿದ್ದೇನೆ, ಕಾಗದದ ಮೇಲೆ.
ಎಷ್ಟು ಪೆಟ್ಟಿಗೆ, ಎಷ್ಟು ಸುಂಕ, ಯಾವ ಲಾರಿ, ಎಲ್ಲಿಂದೆಲ್ಲಿಗೆ.
ರುಚಿಗೆ ಮಾತ್ರ ಕಾಲಂ ಇರಲಿಲ್ಲ.
ಡ್ರಾಯರಿನಲ್ಲಿ, ಪರ್ಮಿಟ್ಟು ಪುಸ್ತಕದ ಅಡಿಯಲ್ಲಿ
ಸದಾ ಒಂದು ಕಾದಂಬರಿ.
ಸಾಹೇಬರ ಬೂಟು ಸದ್ದಾದರೆ
ಕೈಗೆ ಸಿಕ್ಕಲ್ಲಿ ಸೀಲು ಒತ್ತುತ್ತಿದ್ದೆ.
ಎಷ್ಟೋ ನಾಯಕಿಯರ ಮದುವೆ ದಿನ
ನೇರಳೆ ಶಾಯಿಯಲ್ಲಿ ‘ಪರಿಶೀಲಿಸಲಾಗಿದೆ’.

ಈಗ ಮಹಾಲಕ್ಷ್ಮಿ ಲೇಔಟಿನ ತಾರಸಿಯಲ್ಲಿ,
ನೀರಿನ ಟ್ಯಾಂಕಿನ ಪಕ್ಕ, ತಿಂಗಳಿಗೊಮ್ಮೆ
ನಾಲ್ಕು ಕುರ್ಚಿ, ಒಂದು ಕಾದಂಬರಿ, ಒಂದು ಹೂಜಿ.
ಎವೆಟ್ ಜಿನ್ ತರುತ್ತಾಳೆ ಫ್ರೇಜರ್ ಟೌನಿನಿಂದ,
ಬಸ್ಸಿನಲ್ಲಿ, ಟವೆಲಿನಲ್ಲಿ ಸುತ್ತಿ, ಎಳೆಗೂಸಿನ ಹಾಗೆ.
ರಿಟೈರಾದ ಕಂಡಕ್ಟರ್ ತಿಮ್ಮರಾಯಪ್ಪ, ಐಸು.
ಶಹನಾಜ್ ಕುಡಿಯುವುದಿಲ್ಲ,
ಓದುವುದು ನಮ್ಮೆಲ್ಲರಿಗಿಂತ ಹೆಚ್ಚು.
ಕುಲುಕುವುದಕ್ಕೆ ನನ್ನ ಹಳೇ ಹಾರ್ಲಿಕ್ಸ್ ಬಾಟಲಿ.

ಬಾವಿ ತೋಡುವವನ ಕತೆಗೆ
ಸೊಗದೆ ಬೇರಿನ ಶರಬತ್ತು, ಕಪ್ಪು ರಮ್ಮು,
ತಳದಲ್ಲಿ ಕಲಕದ ಒಂದು ಚಿಟಿಕೆ ಉಪ್ಪು.
ಮುನ್ನೂರು ಪುಟ ತೋಡಿದರೂ
ಅವನಿಗೆ ಸಿಕ್ಕಿದ್ದು ಅಷ್ಟೇ.

ಮನೆಗಾಗಿ ಕಚ್ಚಾಡಿದ ಅಕ್ಕತಂಗಿಯರಿಗೆ
ದೇವನಹಳ್ಳಿ ಚಕೋತ.
ಲೋಟದ ಅಂಚಿಗೆ ಅರ್ಧ ಸಕ್ಕರೆ, ಅರ್ಧ ಖಾರದಪುಡಿ.
ಯಾರ ತುಟಿಗೆ ಯಾವುದು ಬಂತೋ
ಅವರು ಆ ತಂಗಿಯ ಪಕ್ಷ. ಇಲ್ಲ, ಅಕ್ಕನ ಪಕ್ಷ.
ಆ ರಾತ್ರಿ ನಿಜವಾಗಿಯೂ ಜಗಳವಾಯಿತು.

ಸ್ಟೇಷನ್ ಮಾಸ್ಟರನ್ನು ಕೊಂದದ್ದು ಯಾರೆಂಬ ಕತೆಗೆ
ಒಂದು ಪದಾರ್ಥ ಅಡಗಿಸಿಟ್ಟೆ.
ಲವಂಗ ಅಂದರು, ಗಸಗಸೆ ಅಂದರು, ವಿಷ ಅಂದರು.
ಇಂಗು.
ಮುಖ ನೋಡಬೇಕಿತ್ತು ಮೂವರದೂ,
ಗಾದೆಗೆ ಮಂಗ ಬೇಕೇ ಇರಲಿಲ್ಲ.

ನಾಲ್ಕು ತಲೆಮಾರಿನ ದಪ್ಪ ಕಾದಂಬರಿಗೆ
ಹನ್ನೊಂದು ಸಾಮಾನು ಸುರಿದೆ, ಕೆಮ್ಮಿನ ಔಷಧಿಯಾಯಿತು.
“ಪುಸ್ತಕವೂ ಹಾಗೇ ಇತ್ತು ಬಿಡಿ ಮೇಡಂ,”
ತಿಮ್ಮರಾಯಪ್ಪ ಸಮಾಧಾನ ಹೇಳಿದ,
ತಿರುಗಿ ತುಳಸಿ ಕುಂಡಕ್ಕೆ ಚೆಲ್ಲಿದ.

ಶಹನಾಜಳ ಲೋಟಕ್ಕೆ ಮೊದಮೊದಲು
ಅದನ್ನೇ, ಜಿನ್ ಬಿಟ್ಟು, ಕೊಡುತ್ತಿದ್ದೆ.
ಒಂದು ಸಲ ಗುಟುಕರಿಸಿ ಅಂದಳು:
“ಇದು ಸಾರಾಂಶ. ಕಾದಂಬರಿ ಅಲ್ಲ.”
ಅವತ್ತಿನಿಂದ ಅವಳದನ್ನೇ ಮೊದಲು ಬೆರೆಸುತ್ತೇನೆ,
ಹುಳಿ, ಒಗರು, ಸಿಹಿ ಎಲ್ಲ ಅವಳ ನಾಲಿಗೆಗೆ ತೂಗಿ.
ನಮ್ಮ ಮೂವರ ಲೋಟಕ್ಕೆ ಮದ್ಯ ಕೊನೆಗೆ,
ಅಡಿಟಿಪ್ಪಣಿಯ ಹಾಗೆ.

ಹೋದ ತಿಂಗಳ ಪುಸ್ತಕ ಅವೆನ್ಯೂ ರಸ್ತೆಯ ಫುಟ್‌ಪಾತಿನದು.
ಕೊನೆಯ ಹದಿನಾರು ಪುಟ ಇಲ್ಲ.
ಮೆಜೆಸ್ಟಿಕ್ಕಿನಲ್ಲಿ ಒಬ್ಬಳು, ತಗಡಿನ ಟ್ರಂಕು ಹಿಡಿದು,
ಬಸ್ಸು ಬಂದಿದೆ, ಬಾಗಿಲು ತೆಗೆದಿದೆ, ಅವಳು ಒಂದು ಕಾಲು
ಅಲ್ಲಿಗೆ ಹೊಲಿಗೆ ದಾರ.

ಏನು ಬೆರೆಸಲಿ ಇದಕ್ಕೆ?
“ನನ್ನ ಬಸ್ಸಾದರೆ ಹತ್ತಿಸ್ಕೊತಿದ್ದೆ,” ತಿಮ್ಮರಾಯಪ್ಪ,
“ಟ್ರಂಕಿಗೆ ಅರ್ಧ ಟಿಕೆಟ್ಟು, ಅದು ಬಿಡೋ ಹಾಗಿಲ್ಲ.”
ಎವೆಟ್ ಇಳಿಸಿದಳು. ಅವನು ಮತ್ತೆ ಹತ್ತಿಸಿದ.
ಕಿತ್ತಳೆ ಬೇಕೋ ಹಾಗಲ ಬೇಕೋ
ಚಾಕು ಹಿಡಿದು ನಿಂತೇ ಇದ್ದೆ ನಾನು.
ಕೆಳಗೆ ಯಾರೋ ಸ್ಕೂಟರು ಒದ್ದರು, ಹತ್ತಲಿಲ್ಲ, ಮತ್ತೆ ಒದ್ದರು.

ಶಹನಾಜ್ ಎದ್ದು, ಉಳಿದಿದ್ದ ಐಸು ಅಷ್ಟನ್ನೂ
ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು
ನಡುವೆ ಇಟ್ಟಳು. ಕುಲುಕಲಿಲ್ಲ.
ಕೂತೆವು.
ಐಸಿನ ಮೂಲೆಗಳು ಹೋದವು ಮೊದಲು,
ಆಮೇಲೆ ಬೆನ್ನು,
ಆಮೇಲೆ ಟ್ಯಾಂಕಿನ ಮೇಲಿನ ಬೆಳಕೂ ಹೋಯಿತು.

ನಾಲ್ಕು ಲೋಟಕ್ಕೆ ಸಮನಾಗಿ ಹಂಚಿದೆ,
ಎಣಿಸಿ ಹಂಚುವುದು ನನ್ನ ಕಸುಬು.
ತಣ್ಣನೆಯ ನೀರು.
ದೂರದಲ್ಲೆಲ್ಲೋ ಸ್ವಲ್ಪ ಹಾರ್ಲಿಕ್ಸು.